ಹಂದಿ ಕಾವಲಿನವರ ಕಣ್ಣು ತಪ್ಪುವುದೇಕೆ?

ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ಏಣೇಲು, ಅಂದರೆ ಮಳೆಗಾಲದ ಭತ್ತದ ಬೆಳೆ, ತೆನೆ ಹಾಲುಗಟ್ಟಿತೆಂದರೆ ಕಾಡುಹಂದಿ ಗದ್ದೆಗೆ ನುಗ್ಗದಂತೆ ರಾತ್ರಿಯ ಹಂದಿ ಕಾವಲು ಶುರು. ಒಂದು ಟಾರ್ಚು, ಬಡಿಯಲು ತಗಡಿನ ಡಬ್ಬಿ, ಗದ್ದೆಯಂಚಿನಲ್ಲಿ ಒಬ್ಬನೇ ಮನುಷ್ಯ. ಬೆಳಗಾಗುವಾಗ ಮೂಲೆಯ ಗದ್ದೆಯನ್ನು ಹಂದಿ ಮಗುಚಿ ಹಾಕಿದ್ದರೆ ಬೈಗುಳವೂ ಅವನೊಬ್ಬನಿಗೇ. ಉದಾಸೀನ ಮಾಡಿದ, ಬಿದ್ದುಕೊಂಡು ನಿದ್ದೆ ಹೊಡೆದ ಎಂದು. ಇದು ಅನ್ಯಾಯ. ಮನುಷ್ಯನ ಎಚ್ಚರಕ್ಕೆ ಅದರದ್ದೇ ಮಿತಿಯಿದೆ, ಆ ಮಿತಿಯನ್ನು ಅಳೆದೂ ಆಗಿದೆ.

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಿಮಾನಗಳು ರೇಡಾರ್ ಹಿಡಿದು ಸಮುದ್ರದಲ್ಲಿ ಜರ್ಮನ್ ಜಲಾಂತರ್ಗಾಮಿಗಳನ್ನು ಹುಡುಕುತ್ತಿದ್ದವು. ಪರದೆ ನೋಡುವವರು ತರಬೇತಿ ಪಡೆದವರೇ. ಆದರೂ ಹೊತ್ತು ಕಳೆದ ಹಾಗೆ ಜಲಾಂತರ್ಗಾಮಿಯ ಸುಳಿವು ಕೊಡುವ ಚುಕ್ಕೆಗಳು ಕಣ್ತಪ್ಪುತ್ತಿದ್ದವು. ಇದನ್ನು ಪರೀಕ್ಷಿಸಲು ಮನೋವಿಜ್ಞಾನಿ ನಾರ್ಮನ್ ಮ್ಯಾಕ್‌ವರ್ತ್ ಒಂದು ಗಡಿಯಾರ ಮಾಡಿಸಿದರು. ಅಂಕಿಗಳಿಲ್ಲದ ಬೋಳು ಮುಖ, ಒಂದೇ ಮುಳ್ಳು. ಅದು ಸೆಕೆಂಡಿಗೊಂದು ಹೆಜ್ಜೆ ಸರಿಯುತ್ತದೆ, 100 ಹೆಜ್ಜೆಗೆ ಒಂದು ಸುತ್ತು. ಅರ್ಧ ಗಂಟೆಯಲ್ಲಿ 12 ಸಲ ಮಾತ್ರ, ಯಾವಾಗ ಎಂದು ಗೊತ್ತಾಗದ ಹಾಗೆ, ಎರಡು ಹೆಜ್ಜೆ ಒಟ್ಟಿಗೆ ಹಾರುತ್ತದೆ. ಹಾರಿದ್ದನ್ನು ಕಂಡವರು ಗುಂಡಿ ಒತ್ತಬೇಕು. ಹೀಗೆ 2 ಗಂಟೆ ಕೂತಿರಬೇಕು. 1948ರಲ್ಲಿ ಪ್ರಕಟವಾದ ಫಲಿತಾಂಶ ಇಂದಿಗೂ ಗಟ್ಟಿಯಾಗಿ ನಿಂತಿದೆ: ಮೊದಲ ಅರ್ಧ ಗಂಟೆ ದಾಟುತ್ತಲೇ ಗುರುತು ಹಿಡಿಯುವ ಪ್ರಮಾಣ ಶೇ. 10ರಿಂದ 15ರಷ್ಟು ಇಳಿಯಿತು. ಅವರು ಮಲಗಿರಲಿಲ್ಲ. ಕಣ್ಣು ತೆರೆದೇ ಇತ್ತು, ಮುಳ್ಳು ಹಾರಿದ್ದು ಮನಸ್ಸಿಗೆ ತಟ್ಟಲಿಲ್ಲ, ಅಷ್ಟೆ. ಅರ್ಧ ಗಂಟೆ ಕೆಲಸ, ಅರ್ಧ ಗಂಟೆ ವಿಶ್ರಾಂತಿ ಎಂದು ಪಾಳಿ ಮಾಡಿದಾಗ ಈ ಇಳಿತ ಕಾಣಲಿಲ್ಲ.

ಕಾಯುವ ಸಂಗತಿ ಅಪರೂಪವಾದಷ್ಟೂ ಕಷ್ಟ ಹೆಚ್ಚು. 2005ರಲ್ಲಿ ಅಮೆರಿಕದ ಜೆರೆಮಿ ವುಲ್ಫ್ ಮತ್ತು ಸಂಗಡಿಗರು ಚಿತ್ರಗಳ ರಾಶಿಯಲ್ಲಿ ಅಡಗಿದ ವಸ್ತುವನ್ನು ಜನರಿಂದ ಹುಡುಕಿಸಿದರು. ಅರ್ಧದಷ್ಟು ಚಿತ್ರಗಳಲ್ಲಿ ಆ ವಸ್ತು ಇದ್ದಾಗ ತಪ್ಪಿಹೋದದ್ದು ಶೇ. 7. ನೂರರಲ್ಲಿ ಒಂದು ಚಿತ್ರದಲ್ಲಿ ಮಾತ್ರ ಇಟ್ಟಾಗ ಶೇ. 30! ವಾರಗಟ್ಟಲೆ ಹಂದಿಯ ಸುಳಿವೇ ಇಲ್ಲದ ಮೇಲೆ ಬರುವ ರಾತ್ರಿಯೇ ಕಾವಲಿನವನಿಗೆ ಅತ್ಯಂತ ಕಠಿಣ ರಾತ್ರಿ ಎಂದು ನಾನು ಹೇಳುವುದು ಇದಕ್ಕೇ. ಅಕ್ಕಪಕ್ಕದ ಎರಡು ಗದ್ದೆಯವರು ಪಾಳಿ ಹಂಚಿಕೊಂಡು, ನಡುನಡುವೆ ಒಬ್ಬರಿಗೊಬ್ಬರು ಕೂ ಹಾಕಿಕೊಂಡರೆ ಹಂದಿಯೂ ಹೆದರುತ್ತದೆ, ಮಂಕಾದ ಗಮನವೂ ಮರಳುತ್ತದೆ.

ಹಕ್ಕಿಗಳು ಇದನ್ನು ಎಂದೋ ರೂಢಿಸಿಕೊಂಡಿವೆ. ಸಾಲಾಗಿ ಮಲಗಿದ ಬಾತುಗಳಲ್ಲಿ ತುದಿಯದ್ದು ಆಗಾಗ ಹೊರಬದಿಯ ಕಣ್ಣು ತೆರೆದಿಟ್ಟು ಅರ್ಧ ಮಿದುಳಿನಲ್ಲಷ್ಟೇ ನಿದ್ರಿಸುತ್ತದೆ ಎಂದು 1999ರ ಅಧ್ಯಯನವೊಂದು ತೋರಿಸಿತು. ಮಧ್ಯದವು ಹೆಚ್ಚಾಗಿ ಎರಡೂ ಕಣ್ಣು ಮುಚ್ಚಿ ನೆಮ್ಮದಿಯಾಗಿ ಮಲಗುತ್ತವೆ.

ನಮಗೆ ಅಂಥ ಮಿದುಳಿಲ್ಲ, ಯಂತ್ರದ ನೆರವು ಬೇಕು. ಮಂಜೇಶ್ವರ, ಕುಂಬಳೆ ದಾಟಿ ಓಡುವ ರೈಲುಗಳ ಎಂಜಿನ್‌ಗಳಲ್ಲಿ ಚಾಲಕರ ಎಚ್ಚರ ನೋಡಿಕೊಳ್ಳುವ ಉಪಕರಣವಿರುತ್ತದೆ. ಸುಮಾರು ಒಂದು ನಿಮಿಷ ಚಾಲಕರ ಕೈ ಯಾವುದನ್ನೂ ಮುಟ್ಟದಿದ್ದರೆ ದೀಪ ಮಿನುಗುತ್ತದೆ, ಗಂಟೆ ಹೊಡೆಯುತ್ತದೆ, ಆಗಲೂ ಉತ್ತರವಿಲ್ಲವಾದರೆ ಬ್ರೇಕ್ ತಾನಾಗಿ ಬೀಳುತ್ತದೆ. ರೈಲ್ವೆ ಇದನ್ನೊಂದನ್ನೇ ನಂಬಿ ಕೂತಿಲ್ಲ. ಸಿಗ್ನಲ್ ಕಂಡೊಡನೆ ಚಾಲಕರೂ ಸಹಾಯಕರೂ ಅದು ಕೆಂಪೋ, ಹಳದಿಯೋ, ಹಸಿರೋ ಎಂದು ಪರಸ್ಪರ ಗಟ್ಟಿಯಾಗಿ ಹೇಳಿಕೊಳ್ಳಬೇಕೆಂಬ ನಿಯಮವನ್ನೂ ಇಟ್ಟುಕೊಂಡಿದೆ.