ಕ್ಯಾಂಪಸ್ಸಿನ ಬೇಸಿಗೆ ಶಿಬಿರ: ಮಗಳನ್ನು ಸೇರಿಸುವ ಮೊದಲು ಏನೇನು ವಿಚಾರಿಸಬೇಕು?

ಪ್ರಶ್ನೆ: ನನ್ನ ಮಗಳು 7ನೇ ತರಗತಿ ಮುಗಿಸಿದ್ದಾಳೆ. ಮಂಗಳೂರಿನ ಹೊರವಲಯದ ಕ್ಯಾಂಪಸ್ ಒಂದರಲ್ಲಿ ನಡೆಯುವ ವಿಜ್ಞಾನ ಶಿಬಿರಕ್ಕೆ ಸೇರಿಸಬೇಕೆಂದಿದ್ದೇವೆ. ಕೊನೆಯ ಎರಡು ರಾತ್ರಿ ಹಾಸ್ಟೆಲ್ ವಾಸ. ವಿಶ್ವವಿದ್ಯಾಲಯವೇ ಅಂದ ಮೇಲೆ ಸುರಕ್ಷತೆಯ ಬಗ್ಗೆ ಬೇರೆ ವಿಚಾರಿಸಬೇಕೆ? ಕೇಳಿದರೆ ಅಲ್ಲಿಯವರನ್ನು ಅನುಮಾನಿಸಿದಂತೆ ಆಗುವುದಿಲ್ಲವೆ?
– ಒಬ್ಬ ತಾಯಿ, ಉಳ್ಳಾಲ

ಉತ್ತರ: ವಿಚಾರಿಸಲೇಬೇಕು, ಅದೂ ಶುಲ್ಕ ಕಟ್ಟುವ ಮೊದಲೇ.

ಶಾಲೆಗೆ ಒಂದೇ ಗೇಟು, ಒಂದು ಗಂಟೆ. ಹೊರಗಿನವರು ಒಳಗೆ ಬಂದರೆ ಆಯಾ ಕೂಡ ತಡೆದು ಕೇಳುತ್ತಾರೆ. ಕೊಣಾಜೆ, ಸುರತ್ಕಲ್, ಮಣಿಪಾಲಗಳಂಥ ಕ್ಯಾಂಪಸ್‌ಗಳು ವಯಸ್ಕರಿಗಾಗಿ ಕಟ್ಟಿದವು. ಸಂಶೋಧನಾ ವಿದ್ಯಾರ್ಥಿಗಳು, ಕ್ಯಾಂಟೀನಿಗೆ ಸಾಮಾನು ತರುವವರು, ಗುತ್ತಿಗೆ ಕೆಲಸಗಾರರು ದಿನವಿಡೀ ಓಡಾಡುತ್ತಿರುತ್ತಾರೆ. ಯಾರು ಯಾರೆಂದು ಯಾರೂ ಕೇಳುವುದಿಲ್ಲ. ಅಲ್ಲಿನ ನಿಯಮಗಳು, ಸಮಿತಿಗಳು ಎಲ್ಲವೂ ದೊಡ್ಡವರನ್ನು ಮನಸ್ಸಿನಲ್ಲಿಟ್ಟುಕೊಂಡು ಆದಂಥವು. ಬೇಸಿಗೆ ರಜೆಯಲ್ಲಿ ಹನ್ನೆರಡು ವರ್ಷದ ಮಕ್ಕಳು ಅಲ್ಲಿಗೆ ಬಂದಾಗ ಅವರಿಗೆಂದೇ ಪ್ರತ್ಯೇಕ ಏರ್ಪಾಡು ಬೇಕಾಗುತ್ತದೆ.

ಮೊದಲು ಕೇಳಬೇಕಾದದ್ದು: ಶಿಬಿರ ಯಾರದು? ಕರಪತ್ರದಲ್ಲಿ ವಿಶ್ವವಿದ್ಯಾಲಯದ ಲಾಂಛನ ಇದ್ದ ಮಾತ್ರಕ್ಕೆ ನಂಬಬೇಡಿ. ವಿಭಾಗವೇ ನಡೆಸುತ್ತಿರಬಹುದು, ಇಲ್ಲವೇ ಖಾಸಗಿ ಸಂಸ್ಥೆಯೊಂದು ಸಭಾಂಗಣವನ್ನು ಬಾಡಿಗೆಗೆ ಹಿಡಿದಿರಬಹುದು. ಎರಡನೆಯದಾದರೆ ಏನಾದರೂ ಆದಾಗ ಒಬ್ಬರು ಇನ್ನೊಬ್ಬರತ್ತ ಕೈ ತೋರಿಸುತ್ತಾರೆ. ಹೊಣೆ ಹೊತ್ತ ಒಬ್ಬ ವ್ಯಕ್ತಿಯ ಹೆಸರು, ಹುದ್ದೆ, ಮೊಬೈಲ್ ಸಂಖ್ಯೆ ನಿಮ್ಮ ಕೈಯಲ್ಲಿರಲಿ.

ಇನ್ನು ಅನುಮಾನದ ಮಾತು. ನೀವು ಕೇಳಲು ಹಿಂಜರಿಯುತ್ತಿರುವುದನ್ನು ಕಾನೂನು ಆಗಲೇ ಕೇಳಿದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 2020ರ ನಿಯಮಗಳ ಪ್ರಕಾರ, ಮಕ್ಕಳೊಂದಿಗೆ ನಿಯಮಿತ ಸಂಪರ್ಕವಿರುವ ಸಂಸ್ಥೆಗಳು ಕಾಯಂ ಇರಲಿ, ಗುತ್ತಿಗೆ ಇರಲಿ, ಮಕ್ಕಳ ಸಂಪರ್ಕಕ್ಕೆ ಬರುವ ಸಿಬ್ಬಂದಿಯ ಹಿನ್ನೆಲೆಯನ್ನು ಪೊಲೀಸರ ಮೂಲಕ ಆಗಾಗ ಪರಿಶೀಲಿಸಬೇಕು. ಆದ್ದರಿಂದ "ಪೊಲೀಸ್ ಪರಿಶೀಲನೆ ಆಗಿದೆಯೇ ಸರ್?" ಎಂದು ಕೇಳುವುದರಲ್ಲಿ ಯಾರಿಗೂ ಅವಮಾನವಿಲ್ಲ.

ಸ್ವಯಂಸೇವಕರ ವಿಷಯ ಸ್ವಲ್ಪ ನಾಜೂಕಿನದು. ಟೀ ಶರ್ಟ್ ಹಾಕಿಕೊಂಡು ಮಕ್ಕಳನ್ನು ಪ್ರಯೋಗಾಲಯದಿಂದ ಊಟಕ್ಕೆ, ಊಟದಿಂದ ಮೈದಾನಕ್ಕೆ ಕರೆದೊಯ್ಯುವವರು ಪದವಿ ವಿದ್ಯಾರ್ಥಿಗಳು. ಮೊದಲ ವರ್ಷದವರಲ್ಲಿ ಕೆಲವರಿಗೆ 18 ತುಂಬಿರುವುದಿಲ್ಲ, ಅಂದರೆ ಕಾನೂನಿನ ಕಣ್ಣಿನಲ್ಲಿ ಅವರೂ ಮಕ್ಕಳೇ. ರಾತ್ರಿ ಹಾಸ್ಟೆಲಿನ ಉಸ್ತುವಾರಿಯನ್ನು ಅವರ ತಲೆಗೆ ಕಟ್ಟುವುದು ಇಬ್ಬರಿಗೂ ಅನ್ಯಾಯ. ಮಹಿಳಾ ವಾರ್ಡನ್ ಅದೇ ಮಹಡಿಯಲ್ಲಿ ಮಲಗುತ್ತಾರೆಯೇ, ಶೌಚಾಲಯ ಮಕ್ಕಳಿಗೆ ಮಾತ್ರವೇ ಎಂದು ಕೇಳಿ. ಯಾವ ದೊಡ್ಡವರೂ ಯಾವ ಮಗುವಿನೊಂದಿಗೂ ಮುಚ್ಚಿದ ಬಾಗಿಲಿನ ಹಿಂದೆ ಒಬ್ಬರೇ ಇರಬಾರದು ಎಂಬ ನಿಯಮ ಇದೆಯೇ ಎಂಬುದು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ. ಮೊಬೈಲಿಗೂ ಅದೇ ನಿಯಮ. ರಾತ್ರಿ ಹತ್ತೂವರೆಗೆ "ಪ್ರಾಜೆಕ್ಟ್ ಎಲ್ಲಿಗೆ ಬಂತು?" ಎಂದು ಮಗುವಿಗೆ ನೇರವಾಗಿ ವಾಟ್ಸ್ಆ್ಯಪ್ ಸಂದೇಶ ಬರುವ ಅಗತ್ಯವೇ ಇಲ್ಲ, ಏನಿದ್ದರೂ ಪೋಷಕರಿರುವ ಗುಂಪಿನಲ್ಲಿ ಬರಲಿ.

ಸಂಜೆ ಮನೆಗೆ ಬಿಡುವ ಹೊತ್ತು ನಮ್ಮ ಕಡೆ ಎಲ್ಲರೂ ಸಡಿಲಬಿಡುವ ಹೊತ್ತು. ನಮ್ಮಲ್ಲಿ ಪರಿಚಯದ ಗಂಡಸರೆಲ್ಲ ಮಕ್ಕಳಿಗೆ ಮಾಮ. ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿ "ಅಮ್ಮ ಕಳುಹಿಸಿದ್ದಾರೆ, ಬಾ" ಎಂದರೆ ಮಗು ಹತ್ತುತ್ತದೆ, ಸ್ವಯಂಸೇವಕಿ ಟಾಟಾ ಮಾಡುತ್ತಾಳೆ. ಯಾರು ಕರೆದೊಯ್ಯಬಹುದು ಎಂಬ ಪಟ್ಟಿಯನ್ನು ಮೊದಲ ದಿನವೇ ಬರೆದುಕೊಟ್ಟು, ಪಟ್ಟಿಯಲ್ಲಿಲ್ಲದವರು ಬಂದರೆ ನಿಮಗೆ ಕರೆ ಮಾಡದೆ ಬಿಡಬಾರದೆಂದು ಹೇಳಿ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣಕ್ಕೆ ಹೋಗುವ ಬಸ್ಸಿಗೆ ಒಬ್ಬಳೇ ಹತ್ತಲು ಬಿಡುವುದಾದರೂ ಅದಕ್ಕೆ ನಿಮ್ಮ ಲಿಖಿತ ಒಪ್ಪಿಗೆ ಇರಲಿ.

ಸಮುದ್ರಕ್ಕೆ ಕರೆದೊಯ್ಯುವ ಕಾರ್ಯಕ್ರಮವಿದ್ದರೆ ಜೀವರಕ್ಷಕರಿಲ್ಲದ ಕಡೆ ಮಕ್ಕಳನ್ನು ನೀರಿಗೆ ಇಳಿಸಬಾರದು ಎಂದಷ್ಟೇ ಹೇಳುತ್ತೇನೆ. "ಅನಾಹುತಕ್ಕೆ ಸಂಘಟಕರು ಹೊಣೆಯಲ್ಲ" ಎಂಬ ಸಾಲಿಗೆ ಸಹಿ ಹಾಕಿಸಿಕೊಂಡರೂ ನಿರ್ಲಕ್ಷ್ಯದ ಕ್ರಿಮಿನಲ್ ಹೊಣೆ ಅದರಿಂದ ಕಳಚುವುದಿಲ್ಲ.

ಮಗು ಏನಾದರೂ ಹೇಳಿಕೊಂಡರೆ? ಇಲ್ಲಿಯೇ ಹೆಚ್ಚಿನವರು ಎಡವುವುದು. "ಮರ್ಯಾದೆಯ ಪ್ರಶ್ನೆ ಮಾರಾಯರೆ, ನಮ್ಮೊಳಗೇ ಮುಗಿಸೋಣ" ಎನ್ನುವವರು ಸಿಕ್ಕೇ ಸಿಗುತ್ತಾರೆ. ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ, ನಡೆಯಬಹುದೆಂಬ ಆತಂಕವಿದ್ದರೂ, ಪೊಲೀಸರಿಗೆ ತಿಳಿಸಬೇಕೆಂದು 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಹೇಳುತ್ತದೆ. ವಿಶ್ವವಿದ್ಯಾಲಯದ ಆಂತರಿಕ ದೂರು ಸಮಿತಿಗೆ ಕೊಟ್ಟ ಅರ್ಜಿ ಇದಕ್ಕೆ ಬದಲಿಯಾಗದು. ತನ್ನ ಕೈಕೆಳಗಿನವರ ಕೃತ್ಯವನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ಸದುದ್ದೇಶದಿಂದ ಮಾಹಿತಿ ಕೊಟ್ಟವರಿಗೆ ಕಾನೂನಿನ ರಕ್ಷಣೆ ಇದೆ. ಠಾಣೆಗೆ ಅಲೆಯಬೇಕೆಂಬ ಹೆದರಿಕೆಯೂ ಬೇಡ: ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ ಪಡೆಯಬಹುದು, ಆಗ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ತೆರೆದಿರುತ್ತದೆ. ಆ ಸಂಖ್ಯೆ ಮಗಳಿಗೂ ಬಾಯಿಪಾಠವಿರಲಿ.

ಇಷ್ಟನ್ನೂ ಸಂಯೋಜಕರಿಗೆ ಒಂದು ಇಮೇಲ್‌ನಲ್ಲಿ ಬರೆಯಿರಿ. ಎರಡು ದಿನದಲ್ಲಿ ಬಿಡಿಬಿಡಿಯಾಗಿ ಉತ್ತರ ಬಂದರೆ ಮಗಳನ್ನು ಸೇರಿಸಿ. "ಇಲ್ಲಿವರೆಗೆ ಏನೂ ಆಗಿಲ್ಲ ಮೇಡಂ" ಎಂಬುದಷ್ಟೇ ಉತ್ತರವಾದರೆ ಈ ವರ್ಷ ಬೇರೆ ಶಿಬಿರ ನೋಡಿ.