ವೇತನ ಅಂತರ: ವಿದೇಶಿ ಹೂಡಿಕೆ ಬಂದರೆ ಹೆಣ್ಣಾಳಿನ ಕೂಲಿ ಏನಾಗುತ್ತದೆ?

ಹಾಸನದ ಸುತ್ತಮುತ್ತ ಶುಂಠಿ ಹೊಲಕ್ಕೆ ಆಳು ಕರೆಯುವಾಗ ಎರಡು ರೇಟು ಕೇಳಿಬರುತ್ತದೆ. ಗಂಡಾಳಿಗೆ ಇಷ್ಟು, ಹೆಣ್ಣಾಳಿಗೆ ಇಷ್ಟು. ಅರ್ಥಶಾಸ್ತ್ರದಲ್ಲಿ ಇದಕ್ಕೆ ಲಿಂಗ ವೇತನ ಅಂತರ ಎನ್ನುತ್ತಾರೆ. ಗಂಡಸರ ಸಂಬಳಕ್ಕಿಂತ ಹೆಂಗಸರದ್ದು ನೂರಕ್ಕೆ ಎಷ್ಟು ಕಡಿಮೆ ಎಂಬುದೇ ಅಳತೆ. ಲೆಕ್ಕಕ್ಕೆ ಅವನಿಗೆ 600, ಅವಳಿಗೆ 420 ಅಂದುಕೊಳ್ಳಿ. ಅಂತರ ಶೇ. 30.

ವಿದೇಶಿ ನೇರ ಹೂಡಿಕೆ, ಅಂದರೆ ಎಫ್‌ಡಿಐ, ಹೊರದೇಶದವರು ಇಲ್ಲಿ ಕಾರ್ಖಾನೆ ಕಟ್ಟುವುದು ಅಥವಾ ಇಲ್ಲಿನ ಕಂಪನಿಯಲ್ಲಿ ದೊಡ್ಡ ಪಾಲು ಕೊಳ್ಳುವುದು. ಷೇರುಪೇಟೆಯಲ್ಲಿರುವ ಕಂಪನಿಯಾದರೆ ಕನಿಷ್ಠ ಶೇ. 10 ಪಾಲು ಇರಬೇಕು. ಹಾಸನದ ವಿಶೇಷ ಆರ್ಥಿಕ ವಲಯದಲ್ಲಿ ಬಟ್ಟೆ ಮಾಡಿ ಹೊರಗೆ ಕಳಿಸುವ ಕಾರ್ಖಾನೆಯೆಲ್ಲ ಎಫ್‌ಡಿಐ ಅಂತ ಕೆಲವರು ತಿಳಿದಿದ್ದಾರೆ. ಮಾಲು ಎಲ್ಲಿಗಾದರೂ ಹೋಗಲಿ, ಒಡೆತನದಲ್ಲಿ ಯಾರ ಪಾಲಿದೆ ಅಂತ ನೋಡಬೇಕು.

ವಿದೇಶಿ ಕಂಪನಿಗಳು ಸಾಮಾನ್ಯವಾಗಿ ಸ್ಥಳೀಯರಿಗಿಂತ ಜಾಸ್ತಿ ಸಂಬಳ ಕೊಡುತ್ತವೆ. ಮೆಷಿನ್ ಹೊಸದು, ಉತ್ಪಾದನೆ ಹೆಚ್ಚು, ಕಲಿತವರು ಬಿಟ್ಟುಹೋಗಬಾರದು. ಆಳು ಅತ್ತ ಹೊರಟರೆ ಪಕ್ಕದ ಕಾಫಿ ತೋಟದವರೂ ಕೂಲಿ ಏರಿಸಬೇಕಾಗುತ್ತದೆ. ಇದು ಒಳ್ಳೆಯದೇ.

ಅಂತರದ ಕಥೆ ಬೇರೆ. ಪೈಪೋಟಿ ಹೆಚ್ಚಿದರೆ ತಾರತಮ್ಯ ಮಾಡುವ ಮಾಲೀಕನಿಗೇ ನಷ್ಟ, ಹಾಗಾಗಿ ತಾರತಮ್ಯ ಕರಗಬೇಕು ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1957ರಲ್ಲೇ ವಾದಿಸಿದ್ದರು. ಆದರೆ ಗಾರ್ಮೆಂಟ್ಸ್ ಲೈನ್ ಒಂದನ್ನು ಹತ್ತಿರದಿಂದ ನೋಡಿ. ಹೊಲಿಗೆ ಮೆಷಿನ್ ಮುಂದೆ ಕೂತವರಲ್ಲಿ ಹೆಂಗಸರೇ ಜಾಸ್ತಿ. ಲೈನ್ ಸೂಪರ್‌ವೈಸರ್, ಮೆಷಿನ್ ರಿಪೇರಿ ಮಾಡುವ ಮೆಕ್ಯಾನಿಕ್ ಹೆಚ್ಚಾಗಿ ಗಂಡಸರು. ಸಂಜೆ ಓಟಿಗೆ, ಅಂದರೆ ಹೆಚ್ಚುವರಿ ಹೊತ್ತಿನ ಕೆಲಸಕ್ಕೆ, ನಿಲ್ಲೋಣ ಅಂದರೆ ಊರಿನ ಬಸ್ಸು ತಪ್ಪುತ್ತದೆ, ಮಗು ಮನೆಯಲ್ಲಿ ಕಾಯುತ್ತಿರುತ್ತದೆ. ಅವನು ನಿಲ್ಲುತ್ತಾನೆ, ಅವಳು ಹೊರಡುತ್ತಾಳೆ. ಹೊಸ ಮೆಷಿನ್ನಿನ ತರಬೇತಿಯೂ ನಿಂತವನಿಗೇ ಸಿಗುತ್ತದೆ.

ಈಗ ಮತ್ತೆ ಲೆಕ್ಕ ಹಾಕೋಣ. ಅವನದು 900 ಆಯಿತು, ಅವಳದು 540. ಅವಳ ಕೈಗೆ 120 ರೂಪಾಯಿ ಜಾಸ್ತಿ ಬಂತು, ನಿಜ. ಅಂತರ ಮಾತ್ರ ಶೇ. 40ಕ್ಕೆ ಏರಿತು. ಸಂಬಳ ಏರುವುದು ಬೇರೆ, ಅಂತರ ಇಳಿಯುವುದು ಬೇರೆ ಅಲ್ವಾ?

ಕಾನೂನು ಇದೆ. 1976ರ ಸಮಾನ ವೇತನ ಕಾಯ್ದೆಯ ನಿಯಮ 2019ರ ವೇತನ ಸಂಹಿತೆಯಲ್ಲೂ ಮುಂದುವರಿದಿದೆ. ಆದರೆ ಅದು ನೋಡುವುದು ಒಂದೇ ಬಗೆಯ ಕೆಲಸವನ್ನು. ಟೈಲರ್‌ಗೂ ಸೂಪರ್‌ವೈಸರ್‌ಗೂ ಇರುವ ಅಂತರ ಅದರ ಕೈಗೆ ಸಿಗುವುದಿಲ್ಲ. ಅದಕ್ಕೇ, ಹೊಸ ಕಾರ್ಖಾನೆ ಬಂದು ಇಷ್ಟು ಸಾವಿರ ಹೆಣ್ಣುಮಕ್ಕಳಿಗೆ ಕೆಲಸ ಅಂತ ಹೇಳಿದಾಗ ನನಗೆ ಮೊದಲು ಕೇಳಬೇಕೆನಿಸುವುದು: ಅವರಲ್ಲಿ ಸೂಪರ್‌ವೈಸರ್ ಎಷ್ಟು ಜನ?