ಡ್ಯಾಶ್‌ಬೋರ್ಡಿಗೆ ಗರಗಸ ಹಾಕುವ ಮುನ್ನ

ರಿಸ್ಟೋರ್ ಮಾಡಿಸಿದ ಹಳೆಯ ಕಾರಿಗೆ ಮ್ಯೂಸಿಕ್ ಸಿಸ್ಟಂ ಹಾಕಿಸಲು ಬರುವ ಮಾಲೀಕರು ಮೊದಲು ಕೇಳುವುದು ಯಾವ ಸ್ಪೀಕರ್ ಒಳ್ಳೆಯದು ಎಂದು. ನಾನು ಮಾತ್ರ ಮೊದಲು ಬಾನೆಟ್ ಎತ್ತಿ ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆ, ಕರೆಂಟ್ ಕೊಡುತ್ತಿರುವುದು ಡೈನಮೋವೋ ಆಲ್ಟರ್ನೇಟರೋ ಎಂದು ನೋಡುತ್ತೇನೆ. 1950ರ ದಶಕದ ನಡುಭಾಗದವರೆಗೆ ಅನೇಕ ಕಾರುಗಳು 6 ವೋಲ್ಟಿನವು, ಇಂದಿನ ಸ್ಟೀರಿಯೊಗಳೋ 12 ವೋಲ್ಟಿನವು. 1960ರ ದಶಕದಲ್ಲೂ ಬಹಳಷ್ಟು ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ತುದಿಯೇ ಅರ್ಥ್, ಅಂದರೆ ಬಾಡಿಗೆ ಸೇರಿದ ತುದಿ, ಆಗಿರುತ್ತಿತ್ತು. ಇಂದಿನ ಸ್ಟೀರಿಯೊದ ಲೋಹದ ಕವಚವು ನೆಗೆಟಿವ್ ತುದಿಗೆ ಸೇರಿರುವುದರಿಂದ, ಪಾಸಿಟಿವ್ ಅರ್ಥ್ ಇರುವ ಕಾರಿನ ಡ್ಯಾಶ್‌ಬೋರ್ಡಿಗೆ ಅದನ್ನು ಸ್ಕ್ರೂ ಹಾಕಿ ಬಿಗಿದರೆ ಶಾರ್ಟ್ ಆಗುತ್ತದೆ. ಕವಚವನ್ನು ರಬ್ಬರಿನಿಂದ ಬೇರ್ಪಡಿಸಿದರೂ ಆಂಟೆನಾ ಕೇಬಲ್ಲಿನ ಹೊರಜಾಲರಿಯ ಮೂಲಕ ಅದೇ ಅನಾಹುತ ನಡೆಯಬಹುದು, ಏಕೆಂದರೆ ಆಂಟೆನಾದ ಬುಡವೂ ಬಾಡಿಯ ತಗಡಿಗೇ ಕಚ್ಚಿಕೊಂಡಿರುತ್ತದೆ.

ಇನ್ನು ಲೆಕ್ಕದ ವಿಷಯ. ಆ ಕಾಲದ ಕಾರುಗಳಲ್ಲಿ ಬಹಳವಾಗಿ ಕಾಣುವ ಲೂಕಾಸ್ ಸಿ40 ಡೈನಮೋ ಚೆನ್ನಾಗಿ ಓಡುವಾಗ ಕೊಡುವುದು 22 ಆಂಪಿಯರ್. ಎಂಜಿನ್ ಐಡಲ್‌ನಲ್ಲಿದ್ದಾಗ ಅದರಿಂದ ಹೆಚ್ಚೇನೂ ಸಿಗುವುದಿಲ್ಲ. 60 ವ್ಯಾಟಿನ ಎರಡು ಹೆಡ್‌ಲೈಟುಗಳೇ ಸುಮಾರು 10 ಆಂಪಿಯರ್ ಎಳೆಯುತ್ತವೆ, ಇಗ್ನಿಷನ್ ಕಾಯಿಲ್ ಮತ್ತು ವೈಪರ್ ಸೇರಿ ಇನ್ನೂ ಆರೇಳು ಆಂಪಿಯರ್ ಬೇಡುತ್ತವೆ. ನಾಲ್ಕು ಚಾನೆಲ್, ತಲಾ 50 ವ್ಯಾಟಿನ ಆಂಪ್ಲಿಫೈಯರ್ ಪೂರ್ಣ ದನಿಯಲ್ಲಿ ಸುಮಾರು 19 ಆಂಪಿಯರ್ ಕೇಳಬಹುದು. ಹಾಡು ಕೇಳುವಾಗಿನ ಸರಾಸರಿ ಇದಕ್ಕಿಂತ ಬಹಳ ಕಡಿಮೆ, ನಿಜ. ಆದರೂ ಮಳೆಯ ರಾತ್ರಿ ಟ್ರಾಫಿಕ್ಕಿನಲ್ಲಿ ನಿಂತ ಕಾರಿನ ಬ್ಯಾಟರಿ ಬರಿದಾಗಲು ಅಷ್ಟೂ ಬೇಕಿಲ್ಲ. ಆದ್ದರಿಂದ ಡೈನಮೋ ಉಳಿಸಿಕೊಳ್ಳಲು ಬಯಸುವವರಿಗೆ ಚಿಕ್ಕ ಆಂಪ್ಲಿಫೈಯರನ್ನೇ ಸೂಚಿಸುತ್ತೇನೆ. ದೊಡ್ಡದೇ ಬೇಕೆನ್ನುವವರಿಗೆ ಮೊದಲು ಹೆಚ್ಚು ಕರೆಂಟ್ ಕೊಡುವ ಆಲ್ಟರ್ನೇಟರ್ ಹಾಕಿಸಿ, ಆಮೇಲೆ ಬನ್ನಿ ಎನ್ನುತ್ತೇನೆ.

ವೈರ್ ಎಳೆಯುವ ಕೆಲಸದಲ್ಲಿ ನಾನು ಪಾಠ ಕಲಿತದ್ದು ನನ್ನದೇ ತಪ್ಪಿನಿಂದ. ವೃತ್ತಿಯ ಆರಂಭದಲ್ಲಿ ಒಂದು ಕಾರಿಗೆ ಪವರ್ ವೈರನ್ನು ಕಾರ್ಪೆಟ್ಟಿನ ಅಡಿಯಲ್ಲಿ ಎಳೆದು, ಫ್ಯೂಸನ್ನು ಬ್ಯಾಟರಿಯ ಬಳಿ ಹಾಕದೆ ಸೀಟಿನ ಕೆಳಗಿದ್ದ ಆಂಪ್ಲಿಫೈಯರಿನ ಪಕ್ಕದಲ್ಲಿ ಹಾಕಿದ್ದೆ. ಮಾಲೀಕರು ಸೀಟನ್ನು ಹಿಂದಕ್ಕೆ ಮುಂದಕ್ಕೆ ಸರಿಸಿದಂತೆಲ್ಲ ಅದರ ಹಳಿಯ ಅಂಚು ವೈರಿನ ಹೊದಿಕೆಯನ್ನು ಕೊರೆಯುತ್ತಾ ಹೋಗಿ, ಒಂದು ದಿನ ಒಳಗಿನ ತಾಮ್ರ ತಗಡಿಗೆ ತಾಗಿತು. ಶಾರ್ಟ್ ಆದ ಜಾಗ ಬ್ಯಾಟರಿಗೂ ಫ್ಯೂಸಿಗೂ ನಡುವೆ ಇದ್ದುದರಿಂದ ಫ್ಯೂಸ್ ಹಾರಲೇ ಇಲ್ಲ. ಹೊಗೆ ಕಂಡ ಮಾಲೀಕರು ತಡಮಾಡದೆ ಬ್ಯಾಟರಿಯ ಕ್ಲ್ಯಾಂಪ್ ಕಿತ್ತದ್ದರಿಂದ ಕಾರ್ಪೆಟ್ ಮಾತ್ರ ಸುಟ್ಟಿತು. ಫ್ಯೂಸ್ ಇರುವುದು ಉಪಕರಣವನ್ನು ಕಾಯುವುದಕ್ಕಿಂತ ಮೊದಲು ವೈರನ್ನು ಕಾಯಲಿಕ್ಕೆ. ಹಾಗಾಗಿ ಅದು ಬ್ಯಾಟರಿಯಿಂದ 45 ಸೆಂಟಿಮೀಟರಿನೊಳಗೆ ಇರಲೇಬೇಕು. ವೈರ್ ತಗಡಿನ ರಂಧ್ರ ದಾಟುವ ಪ್ರತಿ ಜಾಗದಲ್ಲೂ ರಬ್ಬರ್ ಗ್ರೋಮೆಟ್, ಅಂದರೆ ರಂಧ್ರದ ಅಂಚನ್ನು ಮುಚ್ಚುವ ಬಳೆ, ಬೇಕು. ಬಟ್ಟೆ ಸುತ್ತಿದ ಹಳೆಯ ವೈರುಗಳಿಂದ ಹೊಸ ಸಾಧನಕ್ಕೆ ಕರೆಂಟ್ ಕವಲು ತೆಗೆಯುವುದನ್ನು ನಾನು ಒಪ್ಪುವುದೇ ಇಲ್ಲ.

ಸ್ಪೀಕರಿನಲ್ಲಿ ಬೇಡದ ಸದ್ದು ಬಂದರೆ ಆಕ್ಸಿಲರೇಟರ್ ಒತ್ತಿ ಕಿವಿಗೊಟ್ಟು ಕೇಳಬೇಕು. ವೇಗ ಏರಿದಂತೆ ಸೊಳ್ಳೆಯ ಗುಂಯ್‌ಗುಡುವಿಕೆಯಂತೆ ಏರುವ ಸದ್ದು ಚಾರ್ಜಿಂಗ್ ಕಡೆಯದು, ಅರ್ಥ್ ಸರಿಯಾಗಿ ಕೂತಿಲ್ಲವೆಂಬುದರ ಸೂಚನೆಯೂ ಹೌದು. ಪೇಂಟ್ ಕೆರೆದು ತಗಡಿನ ಮೇಲೆ ಒಂದೇ ಜಾಗದಲ್ಲಿ ಎಲ್ಲ ಅರ್ಥ್ ವೈರುಗಳನ್ನು ಬಿಗಿದರೆ ಬಹುತೇಕ ನಿಲ್ಲುತ್ತದೆ. ಟಿಕ್ ಟಿಕ್ ಎಂದು ಬರುವುದು ಇಗ್ನಿಷನ್ನಿನದು, ಅದಕ್ಕೆ ರೆಸಿಸ್ಟರ್ ಇರುವ ಪ್ಲಗ್ ವೈರುಗಳು ಪರಿಹಾರ. ಈ ಸದ್ದು ತಗ್ಗಿಸಲು ಕಾಯಿಲ್‌ಗೆ ಕಂಡೆನ್ಸರ್ ಸೇರಿಸುವುದಾದರೆ ಅದು ಕರೆಂಟ್ ಒಳಬರುವ ತುದಿಯಲ್ಲಿರಬೇಕು. ಡಿಸ್ಟ್ರಿಬ್ಯೂಟರಿನ ಕಡೆಯ ತುದಿಗೆ ಹಾಕಿದರೆ ಕಿಡಿ ದುರ್ಬಲವಾಗಿ ಎಂಜಿನ್ನೇ ತಡವರಿಸುತ್ತದೆ.

ಈಗ ಡ್ಯಾಶ್‌ಬೋರ್ಡ್. ಹಳೆಯ ರೇಡಿಯೊಗಳಿಗೆ ಎರಡು ಗುಂಡಿಗಳ ತೂತು, ನಡುವೆ ಒಂದು ಚಿಕ್ಕ ಕಿಂಡಿ ಇದ್ದರೆ ಸಾಕಿತ್ತು. ಇಂದಿನ ಸ್ಟೀರಿಯೊಗೆ ಬೇಕಾದದ್ದು 182 ಮಿಲಿಮೀಟರ್ ಅಗಲ, 53 ಮಿಲಿಮೀಟರ್ ಎತ್ತರದ ಆಯತ. ಆ ಅಳತೆಗೆ ಡ್ಯಾಶ್‌ಬೋರ್ಡ್ ಕತ್ತರಿಸಿದ ಕಾರನ್ನು ಕಂಡಾಗ ನನಗೆ ಇಂದಿಗೂ ಸಂಕಟವಾಗುತ್ತದೆ, ಏಕೆಂದರೆ ವರ್ಷಗಟ್ಟಲೆ ಹುಡುಕಿ ಜೋಡಿಸಿದ ಗಾಡಿಯಲ್ಲಿ ಮತ್ತೆ ತುಂಬಲಾಗದ ನಷ್ಟ ಅದೊಂದೇ. ಹಳೆಯ ರೇಡಿಯೊವನ್ನು ಅದರ ಜಾಗದಲ್ಲೇ ಬಿಟ್ಟು, ಬ್ಲೂಟೂತ್ ಇರುವ ಪುಟ್ಟ ಆಂಪ್ಲಿಫೈಯರನ್ನು ಗ್ಲವ್ ಬಾಕ್ಸಿನ ಹಿಂದೆ ಅಥವಾ ಸೀಟಿನ ಕೆಳಗೆ ಕೂರಿಸಿ ಫೋನಿನಿಂದ ಹಾಡು ಕೇಳಬಹುದು.

ಸ್ಪೀಕರಿಗಾಗಿ ಬಾಗಿಲಿಗೆ ತೂತು ಕೊರೆಯುವುದೂ ಇದೇ ಜಾತಿಯ ತಪ್ಪು. ಕಿಟಕಿಯ ಗಾಜಿನ ಪಕ್ಕದಿಂದ ಇಳಿಯುವ ಮಳೆನೀರು ಬಾಗಿಲಿನ ಒಳಗೇ ಹರಿದು ಕೆಳಗಿನ ಕಿಂಡಿಗಳಿಂದ ಹೊರಹೋಗುವಂತೆ ಅದನ್ನು ಮಾಡಿರುತ್ತಾರೆ. ಅಲ್ಲಿ ಕಾಗದದ ಕೋನಿನ ಸ್ಪೀಕರ್ ಉಳಿಯದು, ಗಾಜು ಪೂರ್ತಿ ಇಳಿದಾಗ ಅದರ ಮ್ಯಾಗ್ನೆಟ್ಟಿಗೂ ತಾಗಬಹುದು. ಮುಂದಿನ ಪ್ರಯಾಣಿಕರ ಕಾಲ ಬಳಿಯ ಪಕ್ಕದ ಪ್ಯಾನೆಲ್ ಉತ್ತಮ ಜಾಗ. ಬಾಗಿಲೇ ಬೇಕೆಂದರೆ ಹೊಸ ಪ್ಯಾನೆಲ್ ಮಾಡಿಸಿ ಅದನ್ನೇ ಕೊರೆದು, ಮೂಲದ್ದನ್ನು ಸುತ್ತಿ ಎತ್ತಿಡಬೇಕು.

ಎಷ್ಟೇ ಒಳ್ಳೆಯ ಸ್ಪೀಕರ್ ಹಾಕಿದರೂ ತಗಡು ನಡುಗುವ ಕಾರಿನಲ್ಲಿ ಹಾಡು ಕೇಳಿಸದು. ಖಾಲಿ ನೆಲದ ತಗಡನ್ನು ಬೆರಳ ಗೆಣ್ಣಿನಿಂದ ಬಡಿದರೆ ಟಣ್ ಎನ್ನುತ್ತದೆ. ಅಲ್ಯೂಮಿನಿಯಂ ಹಾಳೆ ಅಂಟಿದ ಬ್ಯೂಟೈಲ್ (ಒಂದು ಬಗೆಯ ರಬ್ಬರ್) ಶೀಟಿನ ಒಂದು ತುಂಡು ಹಚ್ಚಿ ರೋಲರಿನಿಂದ ಒತ್ತಿದ ಮೇಲೆ ಅದೇ ಜಾಗ ಡಬ್ ಎನ್ನುತ್ತದೆ. ಇಡೀ ನೆಲ ಮುಚ್ಚುವ ಅಗತ್ಯವಿಲ್ಲ, ಪ್ರತಿ ಫಲಕದ ನಡುಭಾಗದಲ್ಲಿ ಕಾಲು ಭಾಗ ಸಾಕು. ಇದರ ಬದಲು ಛಾವಣಿಗೆ ಹಾಕುವ ಡಾಂಬರಿನ ಶೀಟ್ ಹಚ್ಚಿದರೆ ಅದು ಬಿಸಿಲಿಗೆ ಕರಗಿ ವಾಸನೆ ಬಿಡುತ್ತದೆ. ಬ್ಯೂಟೈಲ್ ಶೀಟಿನ ಮೇಲೆ ನೀರು ಹೀರದ ಫೋಮ್ ಹಾಸಬೇಕು. ಸೆಣಬಿನ ಹಾಸು ಒಮ್ಮೆ ಒದ್ದೆಯಾದರೆ ತಿಂಗಳಾದರೂ ಒಣಗದೆ ಅಡಿಯ ತಗಡನ್ನು ತುಕ್ಕು ಹಿಡಿಸುತ್ತದೆ.

ಸೀಟಿನ ಬಗ್ಗೆ ಒಂದೇ ಎಚ್ಚರಿಕೆ. ಸ್ಪ್ರಿಂಗಿನ ಮೇಲೆ ನಾರು ಅಥವಾ ಕುದುರೆಕೂದಲು ತುಂಬಿದ ಕುಶನ್ ತೆಗೆದು ದಪ್ಪ ಫೋಮ್ ತುಂಬಿಸಿದರೆ ಕೂರುವ ಎತ್ತರ ಹೆಚ್ಚಿ, ತೊಡೆ ಸ್ಟೀರಿಂಗಿಗೆ ತಾಗಿ, ಕಣ್ಣು ವಿಂಡ್‌ಶೀಲ್ಡಿನ ಮೇಲಂಚಿಗೆ ಬರುತ್ತದೆ. ಮೂರು ಬಿಂದುಗಳ ಸೀಟ್ ಬೆಲ್ಟನ್ನು ವೋಲ್ವೊ ತನ್ನ ಕಾರುಗಳಲ್ಲಿ ಅಳವಡಿಸಿದ್ದು 1959ರಲ್ಲಿ. ಅದಕ್ಕಿಂತ ಹಳೆಯ ಗಾಡಿಗಳಲ್ಲಿ ಸಾಮಾನ್ಯವಾಗಿ ಬೆಲ್ಟಿಗೆ ಆಧಾರವೇ ಇರುವುದಿಲ್ಲ. ಬರಿಯ ತಗಡಿಗೆ ಬೋಲ್ಟ್ ಹಾಕಿದರೆ ಅಪಘಾತದಲ್ಲಿ ಅದು ಕಿತ್ತು ಬರುತ್ತದೆ, ಒಳಗಿನಿಂದ ದಪ್ಪ ಉಕ್ಕಿನ ಪ್ಲೇಟ್ ವೆಲ್ಡ್ ಮಾಡಿಸಲೇಬೇಕು. ತೂತು ಕೊರೆಯಲು ನಾನು ಮನಸಾರೆ ಒಪ್ಪುವ ಜಾಗ ಇದೊಂದೇ.

ಕೊನೆಯಲ್ಲಿ ಎಲ್ಲವನ್ನೂ ಆಫ್ ಮಾಡಿ ಬ್ಯಾಟರಿಯ ಒಂದು ತುದಿಯ ಕೇಬಲ್ ಬಿಚ್ಚಿ, ಆ ತುದಿಗೂ ಕೇಬಲ್ಲಿಗೂ ನಡುವೆ ಮೀಟರ್ ಜೋಡಿಸುತ್ತೇನೆ. 50 ಮಿಲಿಆಂಪಿಯರ್ ಸೋರಿಕೆ ಚಿಕ್ಕದೆನಿಸಿದರೂ 20 ದಿನ ನಿಂತ ಕಾರಿನ ಬ್ಯಾಟರಿಯಿಂದ ಅದು 24 ಆಂಪಿಯರ್-ಗಂಟೆ ಕುಡಿಯುತ್ತದೆ, ಮತ್ತು ಹಳೆಯ ಕಾರುಗಳು ನಿಲ್ಲುವುದೇ ಹೆಚ್ಚು. ಆದ್ದರಿಂದ ಆಡಿಯೊದ ಇಡೀ ಲೈನಿಗೆ ಪ್ರತ್ಯೇಕ ಸ್ವಿಚ್ ಹಾಕಿ, ಕೀಲಿಕೈಯ ಜೊತೆಗೆ ಕೈಯಲ್ಲಿ ಬರೆದ ವೈರಿಂಗ್ ನಕ್ಷೆ, ಬಿಚ್ಚಿದ ಮೂಲ ಸ್ಕ್ರೂ, ಗುಂಡಿ, ಕ್ಲಿಪ್ಪುಗಳ ಪೊಟ್ಟಣವನ್ನು ಮಾಲೀಕರ ಕೈಗೆ ಕೊಡುತ್ತೇನೆ.